ಹತ್ತು ಸರದಿಯ ಸಿಟ್ಟು

ಒಂದು ಊರು ಯಾತಕ್ಕಾಗಿ ಇದೆ? ಊರಿನೊಳಗೆ ಬದುಕುವವರು ಈ ಪ್ರಶ್ನೆ ಕೇಳಿಕೊಳ್ಳುವುದು ಕಡಿಮೆ. ಕೇಳುವವರು ಊರನ್ನು ಮೇಲಿನಿಂದ ನೋಡುವವರು: ದೊರೆಗಳು, ನಕ್ಷೆ ಹರಡಿಕೊಂಡ ಅಧಿಕಾರಿಗಳು, ಕಂಪ್ಯೂಟರಿನ ಮುಂದೆ ಕೂತು ‘ಸಿವಿಲೈಸೇಶನ್’ ಆಡುವ ನನ್ನಂಥವರು.

ಸಿಡ್ ಮೀಯರ್ ಹೆಸರಿನಲ್ಲಿ 1991ರಲ್ಲಿ ಶುರುವಾದ ಈ ಸರಣಿಯಲ್ಲಿ ನಾನು ಹೆಚ್ಚು ಆಡಿರುವುದು 2005ರಲ್ಲಿ ಬಂದ ನಾಲ್ಕನೆಯ ಆಟವನ್ನು. ಚದುರಂಗದ ಹಾಗೆ ಇದೂ ಸರದಿಯ ಆಟ. ಯೋಚಿಸಲು ಬೇಕಾದಷ್ಟು ಹೊತ್ತು ಸಿಗುತ್ತದೆ. ಹೊಸಬರು ಪ್ರತಿ ಊರಿನಲ್ಲೂ ಎಲ್ಲವನ್ನೂ ಕಟ್ಟಲು ಹೋಗುತ್ತಾರೆ. ಪಳಗಿದವರು ಊರುಗಳಿಗೆ ಕಸುಬು ಹಂಚುತ್ತಾರೆ. ಗುಡ್ಡಗಳ ನಡುವಿನ ಊರು ಗಣಿ ತೋಡಿ ಸೈನಿಕರನ್ನು ಕಳಿಸಬೇಕು. ಹೊಳೆದಂಡೆಯ ಊರು ಹಣ ತರಬೇಕು. ಅಲ್ಲಿ ಹಾಕಿದ ಗುಡಿಸಲು ಜನ ಬಿಡದೆ ದುಡಿದರೆ 70 ಸರದಿಗಳಲ್ಲಿ ಪಟ್ಟಣವಾಗುತ್ತದೆ. ಅನ್ನ ಉಕ್ಕುವ ಊರಿನಲ್ಲಿ ವಿದ್ವಾಂಸರನ್ನೂ ಕಲಾವಿದರನ್ನೂ ಸಾಕಬೇಕು. ಹೀಗೆ ಹಂಚಿದಾಗ ರಾಜ್ಯ ಬೆಳೆಯುವ ವೇಗ ನೋಡಿದರೆ ಖುಷಿಯಾಗುತ್ತದೆ. ಆದರೆ ಗಣಿಯ ಊರಿಗೆ ಗ್ರಂಥಾಲಯ ದಂಡದ ಖರ್ಚು. ಅಲ್ಲಿನ ಮಕ್ಕಳು ಏನು ಓದುತ್ತಾರೆ ಎಂಬುದು ಈ ಲೆಕ್ಕದೊಳಗೆ ಬರುವುದೇ ಇಲ್ಲ.

ಕಂಚಿನ ವಿದ್ಯೆ ಕಲಿತೊಡನೆ ಇನ್ನೊಂದು ಬಾಗಿಲು ತೆರೆಯುತ್ತದೆ: ಗುಲಾಮಗಿರಿ. ಊರಿನ ಜನಸಂಖ್ಯೆಯಲ್ಲಿ ಒಂದಂಶವನ್ನು ಬಲಿಕೊಟ್ಟರೆ, ಮಾಮೂಲಿ ವೇಗದ ಆಟದಲ್ಲಿ, 30 ಸುತ್ತಿಗೆಯಷ್ಟು ಕೆಲಸ ಒಮ್ಮೆಗೇ ಮುಗಿಯುತ್ತದೆ. ಹಾಗೆ ಐದರಿಂದ ನಾಲ್ಕಕ್ಕೆ ಇಳಿದ ಊರು ಮತ್ತೆ ಐದಾಗಲು 28 ಅಂಶ ಅನ್ನ ಸಾಕು. ಕಣಜವಿದ್ದರೆ ಇನ್ನೂ ಅಗ್ಗ. ಊರಿಗೆ ಸಿಟ್ಟು ಬರುತ್ತದೆ, ನಿಜ. ದೊರೆಯ ಕ್ರೌರ್ಯವನ್ನು ಮರೆಯೆವು ಎಂಬ ಅರ್ಥದ ದೂರೂ ಪರದೆಯ ಮೇಲೆ ಕಾಣುತ್ತದೆ. ಆದರೆ ಒಮ್ಮೆಯ ಬಲಿಗೆ ಆ ಸಿಟ್ಟಿನ ಆಯುಸ್ಸು 10 ಸರದಿ. ಹನ್ನೊಂದನೆಯದಕ್ಕೆ ಮರೆತಿರುತ್ತಾರೆ.

ಯುದ್ಧದ ಪಾಠವೂ ಇದೇ ಜಾತಿಯದು. ಕೋಟೆಯ ಊರಿನ ಮೇಲೆ ಒಳ್ಳೆಯ ಸೈನಿಕರನ್ನು ಮೊದಲು ಕಳಿಸಬಾರದು. ಮೊದಲು ಕವಣೆಯಂತ್ರಗಳನ್ನು ನುಗ್ಗಿಸಬೇಕು. ಅವು ಬಹುಪಾಲು ಸಾಯುತ್ತವೆ; ಸಾಯುವ ಮೊದಲು ಒಳಗಿರುವ ಅನೇಕರನ್ನು ಒಟ್ಟಿಗೆ ಗಾಯಗೊಳಿಸುತ್ತವೆ. ಆಮೇಲೆ ಕತ್ತಿಯವರು ಸುಲಭವಾಗಿ ಗೆದ್ದು, ಅನುಭವ ಗಳಿಸಿ, ಬಡ್ತಿ ಪಡೆಯುತ್ತಾರೆ. ಗೆಲ್ಲುವ ಸಂಭವ ನೂರಕ್ಕೆ ಎಷ್ಟೆಂದು ದಾಳಿಗೆ ಮುಂಚೆಯೇ ಪರದೆ ಹೇಳುತ್ತದೆ. ಯಾರು ಸಾಯುತ್ತಾರೆಂದು ಹೆಚ್ಚುಕಡಿಮೆ ತಿಳಿದೇ ನಾವು ಗುಂಡಿ ಒತ್ತುವುದು.

ಇದು ಬರೀ ಆಟ, ಇಲ್ಲಿ ಯಾರಿಗೂ ನೋವಾಗುವುದಿಲ್ಲ ಎಂದರೆ ನನ್ನ ತಕರಾರಿಲ್ಲ. ಚದುರಂಗದಲ್ಲೂ ಕಾಲಾಳನ್ನು ಕೊಟ್ಟು ಆನೆಯನ್ನು ಉಳಿಸಿಕೊಳ್ಳುತ್ತೇವೆ. ಆದರೆ ಚದುರಂಗದ ಕಾಲಾಳಿಗೆ ಹಸಿವಿಲ್ಲ, ಸಿಟ್ಟಿಲ್ಲ. ಈ ಆಟ ತನ್ನ ಪ್ರಜೆಗಳಿಗೆ ಎರಡನ್ನೂ ಕೊಟ್ಟು, ಎರಡಕ್ಕೂ ಬೆಲೆ ಕಟ್ಟಿದೆ. ಹಾಗಾಗಿ ಅದು ಕೇಳುವ ಪ್ರಶ್ನೆ ಆಟದಾಚೆಗೂ ಉಳಿಯುತ್ತದೆ: ಅನ್ಯಾಯದ ಬೆಲೆ ತೆತ್ತ ಮೇಲೆ ಅನ್ಯಾಯ ಮುಗಿಯುತ್ತದೆಯೇ?

ಈ ಆಟದಲ್ಲಿ ಭಾರತಕ್ಕೆ ಇಬ್ಬರು ನಾಯಕರು, ಗಾಂಧಿ ಮತ್ತು ಅಶೋಕ. ಇಬ್ಬರಿಗೂ ಆಧ್ಯಾತ್ಮಿಕತೆಯ ಗುಣವಿದೆ. ಅದರ ಫಲವಾಗಿ ಆಡಳಿತದ ಪದ್ಧತಿ ಬದಲಿಸುವಾಗ ಇವರ ರಾಜ್ಯದಲ್ಲಿ ಅರಾಜಕತೆ ಉಂಟಾಗುವುದಿಲ್ಲ. ಎಂದರೆ ಬೇರೆ ಬಹುತೇಕ ದೊರೆಗಳಿಗಿಂತ ಸಲೀಸಾಗಿ ಗುಲಾಮಗಿರಿಯನ್ನು ಜಾರಿಗೆ ತರಬಲ್ಲವರು ಇವರೇ.

ಚರಿತ್ರೆಯ ಅಶೋಕನೂ ಲೆಕ್ಕ ಇಟ್ಟವನು. ಪಟ್ಟಾಭಿಷೇಕವಾಗಿ 8 ವರ್ಷವಾದಾಗ ಗೆದ್ದ ಕಳಿಂಗದ ಬಗ್ಗೆ ಅವನ ಹದಿಮೂರನೆಯ ಬಂಡೆ ಶಾಸನ ಸಂಖ್ಯೆಗಳಲ್ಲೇ ಮಾತಾಡುತ್ತದೆ: ಒಂದೂವರೆ ಲಕ್ಷ ಜನರನ್ನು ಸೆರೆಹಿಡಿದು ಒಯ್ದದ್ದು, ಒಂದು ಲಕ್ಷ ಜನರನ್ನು ಕೊಂದದ್ದು, ಅದರ ಎಷ್ಟೋ ಪಟ್ಟು ಜನ ಸತ್ತದ್ದು. ಬದುಕುಳಿದವರೂ ತಮ್ಮ ಬಂಧುಮಿತ್ರರ ಕಷ್ಟದಿಂದ ನೊಂದರೆಂದು ಅದು ಸೇರಿಸುತ್ತದೆ. ಇದರ ನೂರರಲ್ಲಿ, ಸಾವಿರದಲ್ಲಿ ಒಂದಂಶ ಈಗ ನಡೆದರೂ ಅರಸನಿಗೆ ಅದು ಭಾರವೆನ್ನುತ್ತದೆ. ಎಣಿಕೆಯೇ ಅಮಾನುಷ ಎಂದು ಹೇಳುವವರು ಇದನ್ನು ಓದಬೇಕು. ಅಲ್ಲಿ ಎಣಿಕೆ ಗೆಲುವಿನ ಅಳತೆಯಲ್ಲ, ನಷ್ಟದ ಅಳತೆ. ಅದನ್ನು ಅವನು ಕೆತ್ತಿಸಿದ್ದು ಕಲ್ಲಿನಲ್ಲಿ. 10 ಸರದಿಗೆ ಅಳಿಸಿಹೋಗದ ಕಡೆ.

ಆದರೂ ಕಥೆ ಅಷ್ಟು ಸರಳವಲ್ಲ. ಈ ಶಾಸನ ಗಿರ್ನಾರ್, ಕಾಲ್ಸಿ, ಶಾಹಬಾಜ್‌ಗಢಿಗಳಲ್ಲಿದೆ. ಕಳಿಂಗದ ನೆಲವಾದ ಧೌಲಿಯಲ್ಲಿ, ಜೌಗಢದಲ್ಲಿ ಇಲ್ಲ. ಅಲ್ಲಿ ಅದರ ಬದಲು, ಪ್ರಜೆಗಳೆಲ್ಲ ನನ್ನ ಮಕ್ಕಳು ಎಂದು ಅಧಿಕಾರಿಗಳಿಗೆ ಬುದ್ಧಿಹೇಳುವ ಬೇರೆ ಶಾಸನಗಳಿವೆ. ಸತ್ತವರ ಲೆಕ್ಕವನ್ನು ದೂರದ ಊರುಗಳಿಗೆ ಒಪ್ಪಿಸಿ, ಸತ್ತವರ ಊರಿಗೆ ಅಭಯ ಮಾತ್ರ ಕೊಟ್ಟದ್ದು ವಿವೇಕವೋ ಅಳುಕೋ, ಎರಡು ಬಗೆಯಲ್ಲೂ ವಾದಿಸಬಹುದು. ನನಗೆ ಮುಖ್ಯವೆನಿಸುವುದು ಇಷ್ಟು: ಪಶ್ಚಾತ್ತಾಪ ಎಷ್ಟೇ ನಿಜವಾದರೂ ಖಾತೆ ಮುಗಿಯಿತೆಂದು ಹೇಳುವ ಹಕ್ಕು ದೊರೆಯದಲ್ಲ. ಆಟದಲ್ಲಿ ಆ ಹಕ್ಕನ್ನು ನಿಯಮವೇ ಕಸಿದುಕೊಂಡು ಆಟಗಾರನಿಗೆ ಅನುಕೂಲ ಮಾಡಿಕೊಟ್ಟಿದೆ. ಹೊರಗಿನ ಲೋಕದಲ್ಲಿ ಯಾವ ಊರೂ ಹನ್ನೊಂದನೆಯ ಸರದಿಗೆ ಮರೆಯುವ ಕರಾರಿಗೆ ಸಹಿ ಹಾಕಿಲ್ಲ.

ನಾನು ಈ ಆಟವನ್ನು ಬಿಟ್ಟಿಲ್ಲ, ಬಿಡಬೇಕೆಂದೂ ಅನಿಸಿಲ್ಲ. ಮೇಲಿನಿಂದ ನೋಡುವವನಿಗೆ ಊರು ಹೇಗೆ ಕಾಣುತ್ತದೆಂದು ಇಷ್ಟು ಸ್ಪಷ್ಟವಾಗಿ ಬೇರೆಲ್ಲೂ ನನಗೆ ತಿಳಿದಿಲ್ಲ. ಈ ಊರು ಗಣಿಗೆ, ಈ ಊರು ಅಣೆಕಟ್ಟಿಗೆ, ಆ ಊರು ಕಾರ್ಖಾನೆಗೆ ಎಂದು ಯಾರಾದರೂ ನಕ್ಷೆಯ ಮೇಲೆ ಬೆರಳಿಟ್ಟಾಗ, ಆ ಬೆರಳು ನನಗೆ ಗುರುತು ಸಿಗುತ್ತದೆ. ಊರಿನವರನ್ನು ಕೇಳಿದಿರಾ ಎಂದು ಆಗ ವಿಚಾರಿಸಬೇಕೆನಿಸುತ್ತದೆ.