ಪಾತ್ರದ ಬಾಯಿಗೆ ತಕ್ಕ ಮಾತು

ಕಲ್ಪನಾಲೋಕದ ಆಟಗಳಲ್ಲಿ ಈಗಿನ ಹುಡುಗರು ತಲೆಗೊಂದು ಪಾತ್ರ ಹೊರುತ್ತಾರೆ. ಒಬ್ಬ ಯೋಧ, ಒಬ್ಬಳು ಮಾಟಗಾತಿ, ಇನ್ನೊಬ್ಬ ಲಾಯ ನೋಡಿಕೊಳ್ಳುವವ. ಆಟ ಮುಗಿಯುವವರೆಗೂ ಆ ಪಾತ್ರವಾಗಿಯೇ ಮಾತಾಡಬೇಕು. ತೊಡಕು ಅಲ್ಲೇ. ಬಾಯಿ ತೆರೆದರೆ ಎಲ್ಲರೂ ‘ಎಲೈ’, ‘ಭಲಾ’ ಎಂದು ಕಂಪನಿ ನಾಟಕದ ರಾಜರೇ. ಕುದುರೆಗೆ ಹುಲ್ಲು ಹಾಕುವವನೂ ಸಿಂಹಾಸನದ ಮೇಲಿಂದ ಗುಡುಗುತ್ತಾನೆ.

ಈ ತೊಡಕನ್ನು ನಮ್ಮಲ್ಲಿ ಎಂದೋ ಬಿಡಿಸಿದವರು ಶೂನ್ಯಸಂಪಾದನೆಯ ಕರ್ತೃಗಳು. 12ನೆಯ ಶತಮಾನದ ಕಲ್ಯಾಣದ, ಎಂದರೆ ಇಂದಿನ ಬಸವಕಲ್ಯಾಣದ, ಶರಣರ ಗೋಷ್ಠಿಯನ್ನು 15ನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯ ಸಂವಾದವಾಗಿ ಕಟ್ಟಿದ. ಮುಂದೆ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗ, ಗೂಳೂರು ಸಿದ್ಧವೀರಣ್ಣೊಡೆಯರು ಅದನ್ನು ತಿದ್ದಿ ಬೆಳೆಸಿದರು. ಅಲ್ಲಮ ಕೆಣಕುತ್ತಾನೆ, ಬಸವಣ್ಣ ಬಾಗುತ್ತಾನೆ, ಅಕ್ಕ ಎದುರು ನಿಂತು ಉತ್ತರಿಸುತ್ತಾಳೆ. ಮಾತುಗಳು ಬಹುಪಾಲು ವಚನಗಳೇ. ಯಾವ ವಚನ ಯಾರೆದುರು, ಯಾವ ಗಳಿಗೆಯಲ್ಲಿ ಬಂದೀತು ಎಂದು ಯೋಚಿಸಿ ಜೋಡಿಸಿದ್ದೇ ಇವರ ಜಾಣ್ಮೆ.

ಆಯ್ದಕ್ಕಿ ಲಕ್ಕಮ್ಮನ ಪ್ರಸಂಗ ನೋಡಿ. ಗಂಡ ಮಾರಯ್ಯ ಬಸವಣ್ಣನ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವವನು. ಒಂದು ದಿನ ಎಂದಿಗಿಂತ ಹೆಚ್ಚು ತರುತ್ತಾನೆ. ಇಷ್ಟೇಕೆ, ತಂದಲ್ಲೇ ಸುರಿದು ಬನ್ನಿ ಎಂದು ಲಕ್ಕಮ್ಮ ತಿರುಗಿ ಕಳಿಸುತ್ತಾಳೆ. ಗದರಿಸುವಾಗಲೂ ಗಂಡನಿಗೆ ಬಹುವಚನ ಬಿಡುವುದಿಲ್ಲ. ಹಾಗೆಂದು ಮಾತಿನ ಮೊನೆಯೂ ಮೊಂಡಾಗುವುದಿಲ್ಲ. ದಿನಾ ಅಳೆದು ಬೇಯಿಸುವವಳಿಗೆ ಅಳತೆ ತಪ್ಪಿದ್ದು ಕಣ್ಣಿಗೆ ಬಿದ್ದಿದೆ, ಅಷ್ಟೆ. ಅಲ್ಲಮನ ಬೆಡಗಿನ ಮಾತನ್ನು ಅವಳ ಬಾಯಿಗೆ ಹಾಕಿದ್ದರೆ ಪ್ರಸಂಗವೇ ಕೆಟ್ಟುಹೋಗುತ್ತಿತ್ತು.

ಹಾಗಾದರೆ ಅಬ್ಬರಕ್ಕೆ ಜಾಗವೇ ಇಲ್ಲವೆ? ಇದೆ. ಹುಮನಾಬಾದಿನಲ್ಲಿ ಜನವರಿಯಲ್ಲಿ ವೀರಭದ್ರೇಶ್ವರನ ಜಾತ್ರೆ. ವೀರಭದ್ರನ ಉತ್ಸವವೆಂದರೆ ಈ ಸೀಮೆಯಲ್ಲಿ ಪುರವಂತರು ನೆನಪಾಗುತ್ತಾರೆ. ಕೈಯಲ್ಲಿ ಖಡ್ಗ ಹಿಡಿದು ಸಂಬಾಳದ ಬಡಿತಕ್ಕೆ ಹೆಜ್ಜೆ ಹಾಕುತ್ತ ದಕ್ಷಯಜ್ಞದ ಒಡಪು ಹೇಳುವಾಗ ಆ ಗುಡುಗು ತಕ್ಕದ್ದೇ. ಅಲ್ಲಿ ಸಿಟ್ಟಾಗಿರುವುದು ದೇವರು. ಪುರವಂತ ವೇಷ ಕಳಚಿ ಚಹಾದಂಗಡಿಗೆ ಬಂದರೆ ಅದೇ ಬಾಯಲ್ಲಿ ‘ಶಕ್ಕರ್ ಕಮ್ಮಿ ಹಾಕ್ರಿ’ ಎಂಬ ಮಾತು ಬರುತ್ತದೆ. ಎರಡೂ ಅವನವೇ, ಎರಡೂ ಖರೆ.

ಪಾತ್ರ ಕಟ್ಟುವವರು ಹಳಗನ್ನಡದ ಪದ ಹುಡುಕುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಲಿ: ಇವನ ಕಾಯಕವೇನು? ಎದುರಿಗಿರುವವರು ಯಾರು? ಈಗ ಇವನಿಗೆ ಏನು ಬೇಕಾಗಿದೆ? ಉತ್ತರ ಸಿಕ್ಕರೆ ಮಾತು ತಾನಾಗಿ ಬರುತ್ತದೆ. ಕಚೇರಿಯ ದನಿಯಲ್ಲೇ ಮನೆಮಂದಿಯೊಡನೆ ಮಾತಾಡುವ ನಮಗೂ ಈ ಮೂರು ಪ್ರಶ್ನೆ ಬೇಕು.