ತಿನ್ನುವವರೂ ನೆಂಟರು

ಎಕ್ಕಕ್ಕೆ ದನ ಬಾಯಿ ಹಾಕುವುದಿಲ್ಲ. ಚಿಕ್ಕಜಾಜೂರಿನಲ್ಲಿ ರೈಲುಹಳಿ ಕವಲೊಡೆದು ಚಿತ್ರದುರ್ಗದ ಬಯಲಿಗೆ ಹೊರಳುತ್ತದಲ್ಲ, ಆ ಸೀಮೆಯ ಬದುಗಳಲ್ಲಿ ಬರಗಾಲದಲ್ಲೂ ಅದು ಹಸಿರಾಗಿಯೇ ಇರುತ್ತದೆ. ಮುರಿದರೆ ಒಸರುವ ಹಾಲೇ ಅದರ ಕಾವಲು. ಆದರೂ ಎಲೆ ತಿರುವಿ ನೋಡಿದರೆ ತೂತು. ಕಪ್ಪು, ಬಿಳಿ, ಹಳದಿ ಪಟ್ಟೆಯ ಹುಳುವೊಂದು ಅಲ್ಲಿ ಮೇಯುತ್ತಿರುತ್ತದೆ. ಗಿಡದ ವಿಷವನ್ನೇ ಮೈಯಲ್ಲಿ ಕೂಡಿಟ್ಟುಕೊಂಡು ಅದು ಕಿತ್ತಳೆ ಬಣ್ಣದ ಚಿಟ್ಟೆಯಾದಾಗ ಹಕ್ಕಿಗಳು ಅದರ ಗೊಡವೆಗೆ ಹೋಗುವುದು ಕಡಿಮೆ. ಹೂವಿನ ವ್ಯವಹಾರ ಇನ್ನೂ ಸೂಕ್ಷ್ಮ. ಎಕ್ಕದ ಪರಾಗ ಪುಡಿಯಲ್ಲ, ಪುಟ್ಟ ಗಂಟು. ಗಾಳಿ ಅದನ್ನು ಒಯ್ಯಲಾರದು. ಮರ ಕೊರೆದು ಗೂಡು ಮಾಡುವ ದೊಡ್ಡ ಕರಿದುಂಬಿ ಬಂದು ಕೂತು, ಕಾಲಿಗೆ ಸಿಕ್ಕಿಸಿಕೊಂಡು ಇನ್ನೊಂದು ಗಿಡಕ್ಕೆ ಮುಟ್ಟಿಸಬೇಕು.

ಹೊರುವವರನ್ನು ನೆಂಟರು, ತಿನ್ನುವವರನ್ನು ಹಗೆಗಳು ಎಂದು ವಿಂಗಡಿಸುವುದು ನಮ್ಮ ರೂಢಿ. ತಿನ್ನುವವರೂ ನೆಂಟರೇ ಎಂದು ನನಗೆ ಮನವರಿಕೆಯಾದದ್ದು ಪಾಪಾಸುಕಳ್ಳಿಯ ಚರಿತ್ರೆಯಿಂದ.

ಅದು ಅಮೆರಿಕ ಖಂಡದಿಂದ ಬಂದ ಗಿಡ. ತನ್ನನ್ನು ತಿನ್ನುವ ಹುಳುಗಳನ್ನು ಅಲ್ಲೇ ಬಿಟ್ಟು ಬಂತು. ಅಂಕೆಯಿಲ್ಲದೆ ಬೆಳೆದು ದಕ್ಷಿಣ ಭಾರತದ ಹೊಲ, ಗೋಮಾಳಗಳನ್ನು ನುಂಗಿತು. 1926ರಲ್ಲಿ ಶ್ರೀಲಂಕಾದಿಂದ ಕೊಚಿನೀಲ್ ಜಾತಿಯ ಹುಳುವೊಂದನ್ನು ತಂದು ಬಿಟ್ಟರು. ಅರಳೆಯಂಥ ಬಿಳಿ ಹೊದಿಕೆಯೊಳಗೆ ಕೂತು ರಸ ಹೀರುವ ಹುಳು. ಕೆಲವೇ ವರ್ಷಗಳಲ್ಲಿ ಕಳ್ಳಿಯ ಮೆಳೆಗಳು ಕುಸಿದವು. ಗಿಡ ನಿರ್ನಾಮವಾಗಲಿಲ್ಲ. ಇಂದಿಗೂ ಅಲ್ಲಲ್ಲಿ ಹೂ ಬಿಡುತ್ತದೆ, ಹಣ್ಣನ್ನು ಹಕ್ಕಿಗಳು ತಿನ್ನುತ್ತವೆ. ತಿನ್ನುವವರು ಬಂದ ಮೇಲೆಯೇ ಅದು ಈ ನೆಲದ ಗಿಡವಾಯಿತು.

ಬಳ್ಳಾರಿ ಜಾಲಿಗೆ ಆ ಭಾಗ್ಯ ಒದಗಿಲ್ಲ. ಅದರ ಸಿಹಿಕಾಯಿ ತಿಂದ ಆಡು, ದನಗಳು ಬೀಜವನ್ನು ಹಿಕ್ಕೆ ಸಗಣಿಯೊಂದಿಗೆ ಕೆರೆಯಂಗಳಕ್ಕೆ ತಂದು ಹಾಕುತ್ತವೆ. ಹೊರುವವರು ಬೇಕಾದಷ್ಟು, ಹಿಡಿದು ನಿಲ್ಲಿಸುವವರು ಸಾಲದು. ಬಡವರ ಒಲೆ ಉರಿಸಿದ ಮರ ಅದು. ಬೈಯಲು ನನಗೆ ಮನಸ್ಸಿಲ್ಲ.

ಜೋಗಿಮಟ್ಟಿಯ ಕುರುಚಲು ಕಾಡಿಗೆ ವನ್ಯಧಾಮದ ರಕ್ಷಣೆ ಸಿಕ್ಕಿದೆ, ಒಳ್ಳೆಯದಾಯಿತು. ಹೊಳಲ್ಕೆರೆ, ಹಿರಿಯೂರಿನ ಹೊಲದ ಬದುಗಳಿಗೆ ಅಂಥ ಆಸರೆಯಿಲ್ಲ. ಅಲ್ಲಿ ಮುಂಡುಗಳ್ಳಿ, ಕಾರೆ, ತಂಗಡಿಯ ಬೇಲಿ ಕಿತ್ತು ಮುಳ್ಳುತಂತಿ ಎಳೆಯುತ್ತಿದ್ದೇವೆ. ತಂತಿ ದನವನ್ನು ತಡೆಯುತ್ತದೆ, ಯಾರಿಗೂ ಉಣಿಸುವುದಿಲ್ಲ. ಎಕ್ಕವನ್ನು ಉಳಿಸಲು ಹೊರಟವರು ಅದರ ಎಲೆ ತಿನ್ನುವ ಹುಳುವಿಗೆ ಔಷಧ ಹೊಡೆಯುವಂತಿಲ್ಲ. ಬದು ಸವರುವಾಗ ಪಕ್ಕದ ಒಣಬೊಡ್ಡೆಯನ್ನೂ ಬಿಡಬೇಕು. ಕರಿದುಂಬಿ ಮೊಟ್ಟೆಯಿಡುವುದು ಅದರೊಳಗೆ.