ತೊಟ್ಟಿಲಿಗೆ ಮೊದಲ ಜಾಗ



ಕ್ರಿಸ್ತಜಯಂತಿಯ ನಂತರದ ಭಾನುವಾರ ನಾವು ಪವಿತ್ರ ಕುಟುಂಬದ ಹಬ್ಬವನ್ನು ಆಚರಿಸುತ್ತೇವೆ. ಆ ಕುಟುಂಬದ ಪ್ರೀತಿ, ವಿಧೇಯತೆ, ದುಡಿಮೆಯ ಬಗ್ಗೆ ಪ್ರತಿವರ್ಷ ಕೇಳುತ್ತೇವೆ. ಈ ಸಲ ಒಂದು ಸಣ್ಣ ಪ್ರಶ್ನೆಯನ್ನು ಕೇಳಿಕೊಳ್ಳೋಣ: ಜಾಗವಿಲ್ಲದ ಆ ರಾತ್ರಿ ಮರಿಯಮ್ಮನವರು ಮಗುವನ್ನು ಎಲ್ಲಿ ಮಲಗಿಸಿದರು?

ಗೋದಲಿಯಲ್ಲಿ ಎಂದು ನಮ್ಮ ಚಿಕ್ಕ ಮಕ್ಕಳೂ ಹೇಳುತ್ತಾರೆ. ಛತ್ರದ ಯಜಮಾನ ಬಾಗಿಲು ಮುಚ್ಚಿದ ಎಂದು ನಾಟಕದಲ್ಲಿ ತೋರಿಸುತ್ತೇವೆ. ಆದರೆ ಸಂತ ಲೂಕರ ಶುಭಸಂದೇಶದ ಎರಡನೆಯ ಅಧ್ಯಾಯವನ್ನು ನಿಧಾನವಾಗಿ ಓದಿದರೆ ಅಲ್ಲಿ ಯಜಮಾನನೇ ಇಲ್ಲ. ಲೂಕರು ಬಳಸಿದ ಗ್ರೀಕ್ ಪದ ಕತಾಲುಮಾ. ಪ್ರಭು ಶಿಷ್ಯರೊಡನೆ ಕೊನೆಯ ಭೋಜನ ಮಾಡಿದ ಕೋಣೆಗೂ ಅವರು ಇದೇ ಪದವನ್ನು ಬಳಸಿದ್ದಾರೆ. ಒಳ್ಳೆಯ ಸಮಾರಿಯದವನು ಗಾಯಾಳುವನ್ನು ಕರೆದೊಯ್ದ ಛತ್ರಕ್ಕೆ ಬೇರೆಯೇ ಪದವಿದೆ. ಹಾಗಾಗಿ ಅದು ಒಂದು ಮನೆಯ ಅತಿಥಿ ಕೋಣೆ ಇರಬೇಕು, ಬಂದ ನೆಂಟರಿಂದ ಅದು ಆಗಲೇ ತುಂಬಿತ್ತು ಎಂದು ಹಲವು ಪಂಡಿತರು ಹೇಳುತ್ತಾರೆ. ಆ ಕಾಲದ ಸಾಧಾರಣ ಮನೆಗಳಲ್ಲಿ ಒಂದು ಬದಿಯಲ್ಲೇ ದನಕರು ಕಟ್ಟುತ್ತಿದ್ದರು. ಮೇವು ಹಾಕುವ ಗೋದಲಿಯೂ ಅಲ್ಲೇ ಇರುತ್ತಿತ್ತು.

ಹೀಗೆ ನೋಡಿದರೆ ಗೋದಲಿ ಬೇರೆಯಾಗಿ ಕಾಣುತ್ತದೆ. ಅದು ಬಡತನದ ಗುರುತು ಹೌದು. ಜೊತೆಗೆ, ಜನ ತುಂಬಿದ ಮನೆಯಲ್ಲಿ ಯಾರೂ ತುಳಿಯದ, ಯಾರೂ ಮೇಲೆ ಹೊರಳದ, ನಾಲ್ಕು ಕಡೆ ತಡೆಯಿರುವ, ತಾಯಿಯ ಕೈಗೆ ಎಟುಕುವ ಜಾಗವೂ ಹೌದು. ಮನೆ ಇಕ್ಕಟ್ಟಾಗಿತ್ತು. ಆದರೂ ಮಗುವಿಗೆ ತನ್ನದೇ ಆದ ಒಂದು ಜಾಗ ಸಿಕ್ಕಿತು.

ನಮ್ಮ ಹೊಸೂರಿನಲ್ಲಿ ಈ ಮಾತು ದೂರದ್ದಲ್ಲ. ಸಿಪ್ಕಾಟ್ ಕಾರ್ಖಾನೆಗಳ ಕೆಲಸಕ್ಕೆಂದು ಬಂದ ಎಷ್ಟೋ ಕುಟುಂಬಗಳು ಒಂದು ಕೋಣೆ, ಒಂದು ಅಡುಗೆಮನೆಯ ಬಾಡಿಗೆ ಮನೆಗಳಲ್ಲಿವೆ. ಕ್ರಿಸ್ಮಸ್ ಗೀತೆ ಹಾಡುತ್ತಾ ಯುವಜನರು ಮನೆಮನೆಗೆ ಹೋದಾಗ ನೋಡುತ್ತೇವೆ. ಹತ್ತಡಿ ಕೋಣೆಯಲ್ಲಿ ಮಂಚ, ಬೀರು, ಟಿವಿ, ಹೊಲಿಗೆ ಮಿಷನ್ ಎಲ್ಲಕ್ಕೂ ಜಾಗವಿದೆ. ರಾತ್ರಿ ಪಾಳಿ ಮುಗಿಸಿ ಬಂದ ಅಪ್ಪನಿಗೆ ಹಗಲು ನಿದ್ದೆ ಬೇಕು, ಅಜ್ಜಿಗೆ ಗೋಡೆಯ ಪಕ್ಕ ಬೇಕು, ದೊಡ್ಡ ಮಗು ಅಮ್ಮನನ್ನು ಬಿಡುವುದಿಲ್ಲ. ಹೊಸ ಕೂಸು ಉಳಿದ ಸಂದಿಯಲ್ಲಿ ಮಲಗುತ್ತದೆ.

ಯೇಸುಸ್ವಾಮಿಗೆ ಇಂಥ ಮನೆಗಳು ಚೆನ್ನಾಗಿ ಗೊತ್ತಿದ್ದವು. ಲೂಕರ ಹನ್ನೊಂದನೆಯ ಅಧ್ಯಾಯದ ಸಾಮತಿಯಲ್ಲಿ ನಡುರಾತ್ರಿ ಬಾಗಿಲು ತಟ್ಟಿದ ಗೆಳೆಯನಿಗೆ ಮನೆಯವನು, ಮಕ್ಕಳೂ ತಾನೂ ಮಲಗಿಬಿಟ್ಟಿದ್ದೇವೆ, ಏಳಲಾಗದು ಎಂದು ಒಳಗಿನಿಂದಲೇ ಹೇಳುತ್ತಾನೆ. ಒಟ್ಟಿಗೆ ಮಲಗುವ ಮನೆಯನ್ನು ಪ್ರಭು ಹೀಯಾಳಿಸಲಿಲ್ಲ. ನಾವೂ ಹೀಯಾಳಿಸಬಾರದು. ಆದರೆ ಪವಿತ್ರ ಗ್ರಂಥ ಇನ್ನೊಂದು ರಾತ್ರಿಯ ಕಥೆಯನ್ನೂ ಹೇಳುತ್ತದೆ.

ಅರಸುಗಳ ಮೊದಲನೆಯ ಗ್ರಂಥದ ಮೂರನೆಯ ಅಧ್ಯಾಯದಲ್ಲಿ ಸೊಲೊಮೋನ ರಾಜನ ಮುಂದೆ ಇಬ್ಬರು ತಾಯಂದಿರು ನಿಲ್ಲುತ್ತಾರೆ. ರಾಜ ಕತ್ತಿ ತರಿಸಿದ್ದು ನಮಗೆಲ್ಲ ನೆನಪಿದೆ. ಜಗಳ ಶುರುವಾದದ್ದು ಹೇಗೆಂಬುದನ್ನು ಮರೆಯುತ್ತೇವೆ. ಒಬ್ಬ ತಾಯಿ ನಿದ್ದೆಯಲ್ಲಿ ತನ್ನ ಕೂಸಿನ ಮೇಲೆ ಹೊರಳಿದ್ದಳು, ಕೂಸು ಸತ್ತಿತ್ತು. ಆ ಮನೆಯಲ್ಲಿ ಅವರಿಬ್ಬರನ್ನು ಬಿಟ್ಟು ಬೇರೆ ಯಾರೂ ಇರಲಿಲ್ಲ ಎಂದೂ ಅಲ್ಲಿ ಬರೆದಿದೆ. ಹೆತ್ತು ಕೆಲವೇ ದಿನವಾದ, ದಣಿದ, ಸಹಾಯಕ್ಕೆ ಯಾರೂ ಇಲ್ಲದ ತಾಯಿ ಅವಳು. ಮಗುವಿನ ಮೇಲೆ ಅವಳಿಗೆ ಪ್ರೀತಿ ಇರಲಿಲ್ಲ ಎಂದು ಹೇಳಲಾದೀತೇ?

ಈ ಭಯ ಧರ್ಮಸಭೆಗೆ ಹೊಸದೇನಲ್ಲ. ಹಿಂದೆ ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಹಾಸಿಗೆಯ ಮೇಲೆ ಕಮಾನಿನಂಥ ಮರದ ಚೌಕಟ್ಟು ಇಟ್ಟು ಅದರೊಳಗೆ ಕೂಸನ್ನು ಮಲಗಿಸುತ್ತಿದ್ದರು. ಅದಕ್ಕೆ ಆರ್ಕೂಚ್ಚೊ ಎಂದು ಹೆಸರು. ದಾದಿ ಪಕ್ಕದಲ್ಲೇ ಮಲಗಿ ಹಾಲು ಕೊಡಬಹುದು, ಆದರೆ ಕೂಸಿನ ಮೇಲೆ ಹೊರಳಲು ಆಗದು. ಹತ್ತಿರವೂ ಇರಬೇಕು, ಬೇರೆಯೂ ಇರಬೇಕು: ಅವರು ಕಂಡುಕೊಂಡ ದಾರಿ ಇದೇ.

ಇಂದಿನ ಮಕ್ಕಳ ವೈದ್ಯರೂ ಇದನ್ನೇ ಹೇಳುತ್ತಾರೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2022ರಲ್ಲಿ ಕೊಟ್ಟ ಸಲಹೆಯಂತೆ, ಮೊದಲ 6 ತಿಂಗಳಾದರೂ ಕೂಸು ತಂದೆತಾಯಿಯ ಕೋಣೆಯಲ್ಲೇ, ಅವರ ಹಾಸಿಗೆಯ ಪಕ್ಕದಲ್ಲಿ, ಆದರೆ ತನ್ನದೇ ಆದ ಗಟ್ಟಿ, ಸಮತಟ್ಟಾದ ಹಾಸಿನ ಮೇಲೆ ಅಂಗಾತ ಮಲಗಬೇಕು. 1990ರ ದಶಕದಲ್ಲಿ ಬ್ರಿಟನ್, ಅಮೆರಿಕಗಳಲ್ಲಿ ಕೂಸುಗಳನ್ನು ಅಂಗಾತ ಮಲಗಿಸಿ ಎಂದು ಪ್ರಚಾರ ಮಾಡಿದ ಮೇಲೆ ನಿದ್ದೆಯಲ್ಲೇ ಆಗುವ ಹಠಾತ್ ಸಾವುಗಳು ಅರ್ಧದಷ್ಟಾದರೂ ಕಡಿಮೆಯಾದವು. ಬಿಎಸ್ಸಿ ಓದಿದವಳಾಗಿ ಕಾರಣವನ್ನೂ ಹೇಳಿಬಿಡುತ್ತೇನೆ. ಮೆತ್ತನೆಯ ದಿಂಬಿಗೆ ಮೂಗು ಒತ್ತಿದರೆ ಕೂಸು ತಾನು ಬಿಟ್ಟ ಉಸಿರನ್ನೇ ಮತ್ತೆ ಎಳೆದುಕೊಳ್ಳುತ್ತದೆ, ಆಮ್ಲಜನಕ ಕಡಿಮೆಯಾಗುತ್ತದೆ. ತಲೆ ತಿರುಗಿಸಿ ತಪ್ಪಿಸಿಕೊಳ್ಳುವಷ್ಟು ಬಲ ಅದರ ಕತ್ತಿಗೆ ಇನ್ನೂ ಬಂದಿರುವುದಿಲ್ಲ. ಅಳಲೂ ಆಗದು.

ಹಾಗಾದರೆ ಹತ್ತಡಿ ಕೋಣೆಯಲ್ಲಿ ಏನು ಮಾಡುವುದು? ಒಂದು ಸಣ್ಣ ತೊಟ್ಟಿಲಿಗೆ ಬೇಕಾದದ್ದು ಸುಮಾರು ಮೂರಡಿ ಉದ್ದ, ಎರಡಡಿ ಅಗಲ. ಟಿವಿ ಸ್ಟ್ಯಾಂಡ್ ಅಥವಾ ಹೊಲಿಗೆ ಮಿಷನ್ ಆರು ತಿಂಗಳು ಬೇರೆ ಕಡೆ ಹೋದರೆ ಸಾಕು. ತೊಟ್ಟಿಲಿಲ್ಲದಿದ್ದರೆ ನೆಲದ ಮೇಲೆ ಅಮ್ಮನ ಚಾಪೆಯ ಪಕ್ಕದಲ್ಲಿ ಕೂಸಿಗೆ ಬೇರೆಯೇ ಗಟ್ಟಿ ಹಾಸು ಹಾಕಿ. ಮಂಚಕ್ಕೂ ಗೋಡೆಗೂ ನಡುವಿನ ಸಂದಿಯಲ್ಲಿ ಮಲಗಿಸಬೇಡಿ. ಸೋಫಾದಲ್ಲಿ ಕೂಸನ್ನು ಎದೆಗವಚಿಕೊಂಡು ನಿದ್ದೆಹೋಗುವುದು ಎಲ್ಲಕ್ಕಿಂತ ಅಪಾಯ. ಸೀರೆಯ ಜೋಲಿಯಲ್ಲಿ ಕೂಸಿನ ಗಲ್ಲ ಎದೆಗೆ ಒತ್ತಿ ಉಸಿರುಗಟ್ಟಬಹುದು. ಯಾರೂ ನೋಡದಿರುವಾಗ, ರಾತ್ರಿಯ ನಿದ್ದೆಗೆ, ಅದು ಬೇಡ. ದಿಂಬು, ದಪ್ಪ ಕೌದಿ ಕೂಸಿನ ಹತ್ತಿರ ಬೇಡ. ಚಳಿಗೆ ಮೈತುಂಬ ಬಟ್ಟೆ ಹಾಕಿ, ಮುಖ ಮುಚ್ಚಬೇಡಿ. ಡಿಸೆಂಬರ್ ಚಳಿಯೆಂದು ಬಾಗಿಲು ಮುಚ್ಚಿದ ಕೋಣೆಯಲ್ಲಿ ಕೆಂಡ ಇಡುವುದಂತೂ ಬೇಡವೇ ಬೇಡ, ಅದರ ವಿಷಗಾಳಿ ಮನೆಮಂದಿಯನ್ನೆಲ್ಲ ಕೊಲ್ಲಬಲ್ಲದು.

ನಮ್ಮ ಮನೆಗಳಲ್ಲಿ ಕೂಸನ್ನು ದೇವರ ಪೀಠದ ಕೆಳಗೆ ಮಲಗಿಸುವುದುಂಟು. ಭಕ್ತಿ ಒಳ್ಳೆಯದೇ, ಆದರೆ ಮೇಲೆ ಮೇಣದಬತ್ತಿ ಉರಿಯುತ್ತಿರುತ್ತದೆ. ಜಪಸರವನ್ನು ಕೂಸಿನ ಕೊರಳಿಗೋ ತೊಟ್ಟಿಲಿಗೋ ಹಾಕಬೇಡಿ, ಗೋಡೆಗೆ ತೂಗುಹಾಕಿ. ಯೇಸುವಿನ ಪವಿತ್ರ ಹೃದಯ ಅಲ್ಲಿಂದಲೂ ಕೂಸನ್ನು ನೋಡುತ್ತದೆ.

ಹಾಲು ಕುಡಿಸುತ್ತಾ ಅಮ್ಮನಿಗೆ ನಿದ್ದೆ ಬರುವುದು ಸಹಜ. ಎಚ್ಚರವಾದ ಕೂಡಲೇ ಕೂಸನ್ನು ಅದರ ಜಾಗಕ್ಕೆ ಮಲಗಿಸಿ. ಕೂಸು ತಿಂಗಳು ತುಂಬುವ ಮೊದಲೇ ಹುಟ್ಟಿದ್ದರೆ, ತೂಕ ಕಡಿಮೆಯಿದ್ದರೆ, ಒಂದೇ ಹಾಸಿಗೆ ಇನ್ನೂ ಅಪಾಯ. ಅಂಥ ಮನೆಯವರು ಮಕ್ಕಳ ಡಾಕ್ಟರನ್ನೋ ನರ್ಸಮ್ಮನನ್ನೋ ಕೇಳಿ ನಡೆಯಿರಿ.

ಇನ್ನೊಂದು ಮಾತು ಅಣ್ಣಂದಿರಿಗೆ. ಕುಡಿದ ರಾತ್ರಿ ಕೂಸಿನ ಹಾಸಿಗೆಯಲ್ಲಿ ನಿಮಗೆ ಜಾಗವಿಲ್ಲ. ಕುಡಿದವನ ನಿದ್ದೆಗೆ ಕೈಕೆಳಗೆ ಏನಿದೆ ಎಂಬ ಅರಿವಿರುವುದಿಲ್ಲ. ಬೀಡಿ, ಸಿಗರೇಟು ಸೇದುವವರ ಪಕ್ಕದಲ್ಲೂ ಕೂಸು ಮಲಗಬಾರದು. ಇದನ್ನು ಹೆಂಡತಿ ಹೇಳಿದರೆ ಜಗಳವಾಗುತ್ತದೆ, ಅದಕ್ಕೇ ಅವಳ ಪರವಾಗಿ ಈ ಪತ್ರಿಕೆ ಹೇಳುತ್ತಿದೆ. ದೇವದೂತ ಕನಸಿನಲ್ಲಿ ಹೇಳಿದಾಗ ಜೋಸೆಫರು ಆ ರಾತ್ರಿಯೇ ಎದ್ದು ತಾಯಿಮಗುವನ್ನು ಕರೆದುಕೊಂಡು ಈಜಿಪ್ಟಿಗೆ ಹೊರಟರು. ನಮ್ಮಲ್ಲಿ ಅಪ್ಪ ಮಂಚದಿಂದ ಚಾಪೆಗೆ ಇಳಿದರೆ ಸಾಕು.

ಅತ್ತೆಯಂದಿರೇ, ಅಜ್ಜಿಯರೇ, ಬಾಣಂತಿ ಬಾಯಿಬಿಟ್ಟು ಜಾಗ ಕೇಳಲಾರಳು. ನೀವೇ ಕೇಳಿ. ರಾತ್ರಿ ಒಂದು ಗಂಟೆ ನೀವು ಕೂಸನ್ನು ನೋಡಿಕೊಂಡರೆ ಅವಳಿಗೆ ಒಂದು ಗಂಟೆ ನಿದ್ದೆ ಸಿಗುತ್ತದೆ. ಸೊಲೊಮೋನನ ಮುಂದೆ ನಿಂತ ಆ ತಾಯಿಗೆ ಸಿಗದೇ ಹೋದದ್ದು ಇದೇ.

ಹೀಗೆ ಕೂಸನ್ನು ಕಳೆದುಕೊಂಡ ತಂದೆತಾಯಿಗಳು ಇದನ್ನು ಓದುತ್ತಿದ್ದರೆ, ದಯವಿಟ್ಟು ಈ ಮಾತುಗಳನ್ನು ನಿಮ್ಮ ಮೇಲಿನ ದೂರೆಂದು ತಿಳಿಯಬೇಡಿ. ಎಲ್ಲ ಎಚ್ಚರ ವಹಿಸಿದ ಮನೆಗಳಲ್ಲೂ ಕಾರಣವೇ ತಿಳಿಯದೆ ಕೂಸುಗಳು ತೀರಿಕೊಂಡಿವೆ. ಮಕ್ಕಳನ್ನು ಹತ್ತಿರಕ್ಕೆ ಬಿಡಿ ಎಂದ ಪ್ರಭುವಿನ ಬಳಿ ನಿಮ್ಮ ಮಗು ಇದೆ. ನೆರೆಹೊರೆಯವರೇ, ಅವರ ಮನೆಗೆ ಹೋದಾಗ ಹೇಗಾಯಿತು ಎಂದು ಕೆದಕಬೇಡಿ. ಸುಮ್ಮನೆ ಜೊತೆಯಲ್ಲಿ ಕುಳಿತುಕೊಳ್ಳಿ.

ಕೊನೆಗೆ ಒಂದು ಬೇಡಿಕೆ. ನಿಮ್ಮ ಮನೆಯ ಅಟ್ಟದಲ್ಲಿ ಗಟ್ಟಿಮುಟ್ಟಾದ ತೊಟ್ಟಿಲು ಸುಮ್ಮನೆ ಬಿದ್ದಿದ್ದರೆ ಹಬ್ಬದ ದಿನ ಬಲಿಪೂಜೆಯ ನಂತರ ಯುವಜನರಿಗೆ ತಿಳಿಸಿ. ನಾವು ಬಂದು ಹೊತ್ತು ತರುತ್ತೇವೆ, ಸಡಿಲವಾದ ಕೀಲು ಬಿಗಿದು, ಅಗತ್ಯವಿರುವ ಮನೆಗೆ ತಲುಪಿಸುತ್ತೇವೆ. ಕನ್ನಡದ ಪೂಜೆಗೆ ಬರುವವರೋ, ತಮಿಳಿನದಕ್ಕೋ, ತೆಲುಗಿನದಕ್ಕೋ ಎಂದು ಕೇಳುವುದಿಲ್ಲ. ತೊಟ್ಟಿಲು ಎಂದರೆ ಇಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ.

ಗುಡಿಯೊಳಗಿನ ಗೋದಲಿಗೆ ಹುಲ್ಲು ಹಾಸಿ, ದೀಪ ಕಟ್ಟಿ, ಬಾಲಯೇಸುವನ್ನು ಎಷ್ಟು ಜತನದಿಂದ ಮಲಗಿಸುತ್ತೇವೆ! ಅದೇ ಜತನ ಮನೆಯ ಕೂಸಿಗೂ ಇರಲಿ. ಮನೆಯಲ್ಲಿ ಎಲ್ಲರಿಗಿಂತ ಚಿಕ್ಕವರಿಗೆ ಮೊದಲ ಜಾಗ ಕೊಡುವ ಮನಸ್ಸನ್ನು ಪವಿತ್ರ ಕುಟುಂಬ ನಮಗೆ ಬೇಡಿ ತರಲಿ. ಆಮೆನ್.